ವೀಸಾ ಮುಗಿಯುವ ದಿನ ಮದುವೆಯೂ ಮುಗಿಯುತ್ತದೆಯೇ?



ಬಲಿಪೀಠದ ಮುಂದೆ ನಿಂತು ಕೈ ಹಿಡಿದ ಗಂಡು ಹೆಣ್ಣು ಸಾಯುವ ತನಕ ಜೊತೆಗಿರುತ್ತೇವೆಂದು ಮಾತು ಕೊಡುತ್ತಾರೆ. ಆ ಮಾತಿಗೆ ಕಡೆಯ ತಾರೀಖು ಎಂಬುದಿಲ್ಲ. ಆದರೆ ಅದೇ ಮದುವೆಯ ಆಧಾರದ ಮೇಲೆ ಪರದೇಶಕ್ಕೆ ಹೋದ ಹೆಂಡತಿಗೋ ಗಂಡನಿಗೋ ಅಲ್ಲಿನ ಸರ್ಕಾರ ಕೊಡುವ ಅನುಮತಿಗೆ ಕಡೆಯ ತಾರೀಖು ಇದ್ದೇ ಇರುತ್ತದೆ. ಆ ತಾರೀಖು ಹತ್ತಿರ ಬಂದಂತೆ ಮನೆಯಲ್ಲಿ ಒಂದು ಬಗೆಯ ಪರೀಕ್ಷೆಯ ವಾತಾವರಣ ಕಟ್ಟಿಕೊಳ್ಳುತ್ತದೆ. ಬ್ಯಾಂಕಿನ ಪಟ್ಟಿ, ಸಂಬಳದ ಚೀಟಿ, ಮನೆ ಬಾಡಿಗೆಯ ಕರಾರು, ಕರೆಂಟು ಬಿಲ್ಲು, ಇವೆಲ್ಲ ಊಟದ ಮೇಜಿನ ಮೇಲೆ ಹರಡಿಕೊಂಡು ಕೂರುತ್ತವೆ. ನಾವು ಗಂಡಹೆಂಡಿರು ಹೌದು ಎಂದು ತೋರಿಸಲು ಇಷ್ಟೆಲ್ಲ ಬೇಕೇ ಎಂದು ಅವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ.

ನಮ್ಮ ಧರ್ಮಕೇಂದ್ರಗಳಲ್ಲಿ ಮದುವೆಗೆ ಮುಂಚೆ ತರಬೇತಿ ನಡೆಯುತ್ತದೆ. ಅಲ್ಲಿ ಸಂಸ್ಕಾರದ ಅರ್ಥ ಹೇಳುತ್ತೇವೆ, ಮಕ್ಕಳ ಬಗ್ಗೆ ಹೇಳುತ್ತೇವೆ, ಹಣಕಾಸಿನ ಹೊಂದಾಣಿಕೆ, ಅತ್ತೆ ಮಾವಂದಿರೊಡನೆ ನಡೆದುಕೊಳ್ಳುವ ರೀತಿ, ಎಲ್ಲವನ್ನೂ ಹೇಳುತ್ತೇವೆ. ಆದರೆ ಮದುವೆಯಾದ ಮರುತಿಂಗಳೇ ವಿಮಾನ ಹತ್ತುವ ಜೋಡಿಗೆ ಈ ವೀಸಾ ಎಂಬ ಮೂರನೆಯವನ ಬಗ್ಗೆ ಒಂದು ಮಾತನ್ನೂ ಹೇಳುವುದಿಲ್ಲ. ಅದು ಕಚೇರಿಯ ಕೆಲಸ, ಆತ್ಮಕ್ಕೂ ಅದಕ್ಕೂ ಏನು ಸಂಬಂಧ ಎಂಬ ಭಾವನೆ ನಮ್ಮಲ್ಲಿದೆ. ಸಂಬಂಧ ಬಹಳವಾಗಿಯೇ ಇದೆ.

ಮೊದಲು ವಿಷಯ ಸ್ಪಷ್ಟವಾಗಲಿ. ನಮ್ಮ ಕಡೆಯ ನರ್ಸುಗಳು ಹೆಚ್ಚಾಗಿ ಹೋಗುವ ಬ್ರಿಟನ್ ದೇಶವನ್ನೇ ತೆಗೆದುಕೊಳ್ಳೋಣ. ಹಲವು ವರ್ಷ ದುಡಿದು ಅಲ್ಲೇ ಕಾಯಂ ನೆಲೆಸಿದ ಹೆಣ್ಣುಮಗಳು ಊರಿಗೆ ಬಂದು ಮದುವೆಯಾಗಿ ಗಂಡನನ್ನು ಕರೆದುಕೊಂಡು ಹೋಗುತ್ತಾಳೆ ಎನ್ನಿ. ಅವನಿಗೆ ಮೊದಲು ಸಿಗುವುದು 33 ತಿಂಗಳ ಅನುಮತಿ. ಅದು ಮುಗಿಯುವುದರೊಳಗೆ ಇನ್ನು 30 ತಿಂಗಳಿಗೆ ವಿಸ್ತರಣೆ ಕೇಳಬೇಕು. ಒಟ್ಟು ಐದು ವರ್ಷ ತುಂಬಿದ ಮೇಲೆ ಕಾಯಂ ನೆಲೆಗೆ ಅರ್ಜಿ. 2012ಕ್ಕಿಂತ ಹಿಂದೆ ಈ ಕಾಯುವಿಕೆ ಎರಡು ವರ್ಷವಿತ್ತು. ಆ ವರ್ಷದ ಜುಲೈ 9ರಿಂದ ಐದಕ್ಕೆ ಏರಿಸಿದರು. ಅದೇ ದಿನದಿಂದ ಸಂಗಾತಿಯನ್ನು ಕರೆಸಿಕೊಳ್ಳುವವರಿಗೆ ವರ್ಷಕ್ಕೆ ಕನಿಷ್ಠ 18,600 ಪೌಂಡು ಆದಾಯವಿರಬೇಕೆಂದೂ ವಿಧಿಸಿದರು. 2024ರ ಏಪ್ರಿಲ್ 11ರಿಂದ ಹೊಸದಾಗಿ ಅರ್ಜಿ ಹಾಕುವವರಿಗೆ ಅದನ್ನು 29,000 ಪೌಂಡಿಗೆ ಏರಿಸಿದರು. ಅದಕ್ಕೆ ಮೊದಲೇ ಈ ದಾರಿಯಲ್ಲಿದ್ದವರಿಗೆ ಹಳೆಯ ಲೆಕ್ಕವನ್ನೇ ಉಳಿಸಿದರು. ಇದರ ಮೇಲೆ ಅರ್ಜಿಯ ಶುಲ್ಕ. ಅದಲ್ಲದೆ ಆರೋಗ್ಯ ಸೇವೆಗೆಂದು ವರ್ಷಕ್ಕೆ 1,035 ಪೌಂಡು. ಇದು 2024ರ ಫೆಬ್ರವರಿಯಲ್ಲಿ ನಿಗದಿಯಾದ ದರ. ಅದನ್ನು ವರ್ಷ ವರ್ಷ ಕಟ್ಟುವಂತಿಲ್ಲ, ಅನುಮತಿಯ ಇಡೀ ಅವಧಿಯದ್ದನ್ನು ಮುಂಗಡವಾಗಿ ಕಟ್ಟಬೇಕು. ಇಂಗ್ಲಿಷ್ ಪರೀಕ್ಷೆ ಬೇರೆ. ಹಂತ ಹಂತಕ್ಕೂ ಅದು ಕಠಿಣವಾಗುತ್ತಾ ಹೋಗುತ್ತದೆ.

ಇಷ್ಟರ ಮೇಲೆ, ನಿಜವಾಗಿಯೂ ಒಂದೇ ಸೂರಿನಡಿ ಬಾಳುತ್ತಿದ್ದೀರಾ ಎಂಬುದಕ್ಕೆ ಆಧಾರ ಕೊಡಬೇಕು. ಇಬ್ಬರ ಹೆಸರಿಗೂ ಒಂದೇ ವಿಳಾಸಕ್ಕೆ ಬಂದ ಕಾಗದಗಳು, ಬೇರೆ ಬೇರೆ ಕಚೇರಿಗಳಿಂದ, ಬೇರೆ ಬೇರೆ ತಿಂಗಳುಗಳದ್ದು. ಪ್ರೀತಿಯಿಂದ ಬಾಳುತ್ತಿರುವ ಜೋಡಿ ಇದನ್ನು ಅವಮಾನವೆಂದು ತಿಳಿಯುವುದು ಸಹಜ. ಹಾಗಾದರೆ ಸರ್ಕಾರಕ್ಕೆ ಹೀಗೆ ಕೇಳುವ ಹಕ್ಕಿದೆಯೇ?

ಇದೆ ಎಂದೇ ಹೇಳಬೇಕು. ನಮ್ಮ ಧರ್ಮಸಭೆಯೂ ಕೇಳುತ್ತದಲ್ಲವೇ? ಮದುವೆಗೆ ಮುಂಚೆ ಜ್ಞಾನಸ್ನಾನದ ದಾಖಲೆ ತನ್ನಿ ಎನ್ನುತ್ತೇವೆ. ಪೂಜೆಯ ಹೊತ್ತಿನಲ್ಲಿ ಹೆಸರುಗಳನ್ನು ಓದಿ, ಅಡ್ಡಿಯೇನಾದರೂ ಗೊತ್ತಿದ್ದರೆ ತಿಳಿಸಿ ಎಂದು ಊರಿಗೆಲ್ಲ ಸಾರುತ್ತೇವೆ. ಗುರುಗಳು ವರನನ್ನೂ ವಧುವನ್ನೂ ಬೇರೆ ಬೇರೆ ಕೂರಿಸಿ, ನಿನ್ನ ಸ್ವಂತ ಇಚ್ಛೆಯಿಂದ ಒಪ್ಪಿದ್ದೀಯಾ ಎಂದು ಕೇಳಿ ಸಹಿ ಹಾಕಿಸಿಕೊಳ್ಳುತ್ತಾರೆ. ಮದುವೆಯಾದ ಮೇಲೆ ಅದನ್ನು ಜ್ಞಾನಸ್ನಾನದ ಪುಸ್ತಕದಲ್ಲೂ ಬರೆಯುತ್ತೇವೆ, ಇನ್ನೊಂದು ಕಡೆ ಹೋಗಿ ಇನ್ನೊಂದು ಮದುವೆಯಾಗದಿರಲೆಂದು. ಮದುವೆ ಇಬ್ಬರ ಗುಟ್ಟಲ್ಲ, ಅದು ಸಮಾಜದ ಎದುರಿಗೆ ನಿಂತು ಮಾಡುವ ಕಾರ್ಯ ಎಂಬುದು ನಮ್ಮ ಬೋಧನೆ. ಹೀಗಿರುವಾಗ ಒಂದು ದೇಶ ತನ್ನ ಬಾಗಿಲಲ್ಲಿ ನಿಂತವನನ್ನು, ನಿನ್ನ ಮದುವೆ ನಿಜವೇ ಎಂದು ಕೇಳಿದರೆ ಅದನ್ನೇ ದೊಡ್ಡ ಅನ್ಯಾಯವೆಂದು ಹೇಳಲಾಗದು. ಸುಳ್ಳು ಮದುವೆಗಳು ನಡೆಯುತ್ತವೆ ಎಂಬುದು ನಮಗೂ ಗೊತ್ತು, ಅವರಿಗೂ ಗೊತ್ತು.

ಆದರೆ ಆ ಹಕ್ಕಿಗೆ ಒಂದು ಎಲ್ಲೆಯಿದೆ. ಮನುಷ್ಯರ ಕಾನೂನು ಹೊರಗೆ ಕಾಣುವ ಕ್ರಿಯೆಗಳನ್ನು ತೀರ್ಮಾನಿಸಬಲ್ಲದೇ ಹೊರತು ಹೃದಯದ ಒಳಗಿನದನ್ನಲ್ಲ ಎಂದು ಸಂತ ತೋಮಸ್ ಅಕ್ವಿನಾಸರು 13ನೆಯ ಶತಮಾನದಲ್ಲೇ ಬೋಧಿಸಿದರು. ಈ ಎಲ್ಲೆ ದಾಟಿದಾಗ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನಲ್ಲೇ ಉದಾಹರಣೆಯಿದೆ. 1979ರ ಜನವರಿಯಲ್ಲಿ ಮದುವೆಯಾಗಲೆಂದು ಲಂಡನ್ನಿನ ಹೀತ್ರೂ ವಿಮಾನ ನಿಲ್ದಾಣಕ್ಕೆ ಬಂದಿಳಿದ ಭಾರತೀಯ ಮಹಿಳೆಯೊಬ್ಬರನ್ನು ಅಧಿಕಾರಿಗಳು ಕನ್ಯತ್ವದ ಪರೀಕ್ಷೆಗೆ ಒಳಪಡಿಸಿದರು. ಪತ್ರಿಕೆಯಲ್ಲಿ ಸುದ್ದಿ ಬಂದು, ನಮ್ಮ ದೇಶದಲ್ಲೂ ಅಲ್ಲಿಯೂ ಪ್ರತಿಭಟನೆ ಎದ್ದ ಮೇಲೆ ಆ ಪದ್ಧತಿ ನಿಂತಿತು. ವಿದ್ಯುತ್ ಬಿಲ್ಲು ಕೇಳುವುದಕ್ಕೂ ಇದಕ್ಕೂ ಇರುವ ಅಂತರವನ್ನು ವಿವರಿಸಬೇಕಾಗಿಲ್ಲ.

ಇನ್ನೊಂದು ನಿಯಮ ಇದರಷ್ಟು ಕ್ರೂರವಾಗಿರಲಿಲ್ಲ, ಆದರೆ ವಿಚಾರ ಮಾಡುವವರಿಗೆ ಹೆಚ್ಚು ಪಾಠ ಹೇಳುವಂಥದ್ದು. 1980ರ ದಶಕದಿಂದ 1997ರ ಜೂನ್ ತನಕ ಅಲ್ಲಿ ಒಂದು ಶರತ್ತಿತ್ತು. ಈ ಮದುವೆಯ ಮುಖ್ಯ ಉದ್ದೇಶ ಬ್ರಿಟನ್ನಿಗೆ ಬರುವುದಲ್ಲ ಎಂದು ಅರ್ಜಿದಾರನೇ ಸಾಬೀತು ಮಾಡಬೇಕಿತ್ತು. ಎಷ್ಟೋ ಗಂಡಂದಿರಿಗೆ ಇದರಿಂದಲೇ ಅನುಮತಿ ಸಿಗಲಿಲ್ಲ. ಇದರಲ್ಲಿ ತಪ್ಪೇನು ಎಂದು ಕೇಳುವಿರಾ? ನಮ್ಮ ಮನೆಗಳನ್ನೇ ನೋಡಿಕೊಳ್ಳೋಣ. ಎರಡೆಕರೆ ತೋಟವಿದೆ ಎಂದು ಹೆಣ್ಣು ಕೊಟ್ಟವರಿಲ್ಲವೇ? ಸರ್ಕಾರಿ ನೌಕರಿ ಎಂಬ ಒಂದೇ ಮಾತಿಗೆ ಒಪ್ಪಿದವರಿಲ್ಲವೇ? ನಿನ್ನ ಮುಖ್ಯ ಉದ್ದೇಶ ತೋಟವೇ, ಗಂಡನೇ ಎಂದು ನಮ್ಮ ಅಜ್ಜಿಯರನ್ನು ಅಧಿಕಾರಿಯೊಬ್ಬ ಕೂರಿಸಿ ಕೇಳಿದ್ದರೆ ಅವರು ಏನು ಹೇಳುತ್ತಿದ್ದರು? ಆದರೂ ಆ ಮದುವೆಗಳು ಐವತ್ತು ವರ್ಷ ಬಾಳಿದವು, ರೋಗದಲ್ಲಿ ಒಬ್ಬರನ್ನೊಬ್ಬರು ನೋಡಿಕೊಂಡವು.

ಇಲ್ಲಿ ಎರಡು ಸಂಗತಿಗಳನ್ನು ಬೇರ್ಪಡಿಸಬೇಕು. ಮದುವೆಗೆ ಎಳೆದ ಕಾರಣ ಒಂದು. ಮದುವೆಯಲ್ಲಿ ಕೊಟ್ಟ ಒಪ್ಪಿಗೆ ಇನ್ನೊಂದು. ಧರ್ಮಸಭೆಯ 1983ರ ಕಾನೂನು ಸಂಹಿತೆ ಕಾರಣವನ್ನು ತೂಗುವುದಿಲ್ಲ, ಒಪ್ಪಿಗೆಯನ್ನು ನೋಡುತ್ತದೆ. ಪರದೇಶದ ಬದುಕಿನ ಆಸೆಯೂ ಮನಸ್ಸಿನಲ್ಲಿದ್ದು, ಜೊತೆಗೆ ಈಕೆಗೆ ಗಂಡನಾಗಿ ಬಾಳುತ್ತೇನೆಂಬ ನಿಶ್ಚಯವೂ ಇದ್ದರೆ ಅದು ಮದುವೆಯೇ. ಬಾಯಲ್ಲಿ ಹೌದೆಂದು, ಮನಸ್ಸಿನಲ್ಲಿ ಕಾಯಂ ಕಾಗದ ಸಿಕ್ಕಿದ ಮೇಲೆ ಬಿಟ್ಟುಬಿಡುತ್ತೇನೆಂದು ಮೊದಲೇ ಗಟ್ಟಿ ಮಾಡಿಕೊಂಡಿದ್ದರೆ ಸಂಹಿತೆಯ 1101ನೆಯ ವಿಧಿಯ ಪ್ರಕಾರ ಅಲ್ಲಿ ಮದುವೆಯೇ ನಡೆದಿಲ್ಲ. ಹಾರ ಬದಲಾಯಿಸಿದ್ದು, ಬಿರಿಯಾನಿ ಬಡಿಸಿದ್ದು, ವೀಡಿಯೊ ತೆಗೆದದ್ದು ಯಾವುದೂ ಅದನ್ನು ಮದುವೆ ಮಾಡುವುದಿಲ್ಲ. ಅಂಥವನು ಮೋಸ ಮಾಡುವುದು ಪರದೇಶದ ಸರ್ಕಾರಕ್ಕಿಂತ ಮೊದಲು ತನ್ನನ್ನು ನಂಬಿ ಪಕ್ಕದಲ್ಲಿ ನಿಂತವಳಿಗೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ವೀಸಾದ ನಿಯಮಗಳಲ್ಲಿ ನನ್ನನ್ನು ಹೆಚ್ಚು ಕಾಡುವುದು ಶುಲ್ಕವಲ್ಲ, ಕಾಗದವೂ ಅಲ್ಲ. ಒಬ್ಬರ ಇರವು ಇನ್ನೊಬ್ಬರ ಕೈಯಲ್ಲಿ ಸಿಕ್ಕಿಕೊಳ್ಳುವ ರೀತಿ. ಮದುವೆಯಲ್ಲಿ ಇಬ್ಬರೂ ಸಮಾನರಾಗಿ ಮಾತು ಕೊಟ್ಟರು. ಆದರೆ ಅಲ್ಲಿಗೆ ಹೋದ ಮೇಲೆ ಒಬ್ಬರು ಪ್ರಾಯೋಜಕರು, ಇನ್ನೊಬ್ಬರು ಅವಲಂಬಿತರು. ಪ್ರಾಯೋಜಕರ ಸಂಬಳದ ಚೀಟಿ, ಅವರ ಪಾಸ್‌ಪೋರ್ಟಿನ ಪ್ರತಿ, ಅವರ ಒಪ್ಪಿಗೆಯ ಸಹಿ, ಇವಿಲ್ಲದೆ ವಿಸ್ತರಣೆಯ ಅರ್ಜಿ ನಿಲ್ಲುವುದಿಲ್ಲ. ಒಳ್ಳೆಯ ಮನೆಯಲ್ಲಿ ಇದು ಯಾರ ನೆನಪಿಗೂ ಬರುವುದಿಲ್ಲ. ಆದರೆ ಜಗಳದ ಬಿಸಿಯಲ್ಲಿ ಒಂದು ಮಾತು ಬಾಯಿಂದ ಹೊರಬೀಳಬಹುದು: "ನಾನು ಸಹಿ ಹಾಕದಿದ್ದರೆ ಏನು ಮಾಡುತ್ತೀಯ?"

ಈ ಒಂದು ಮಾತು ಹೆಂಡತಿಯನ್ನು ಕೆಲಸದವಳನ್ನಾಗಿ ಮಾಡಿಬಿಡುತ್ತದೆ. ಗಂಡನನ್ನೂ ಮಾಡುತ್ತದೆ. ನಮ್ಮ ನರ್ಸುಗಳ ಮನೆಗಳಲ್ಲಿ ಪರರ ಅನುಮತಿಯ ಮೇಲೆ ಇರುವವನು ಎಷ್ಟೋ ಸಲ ಗಂಡಸೇ. ಇಲ್ಲಿ ಪದವಿ ಪಡೆದು ಒಳ್ಳೆಯ ಕೆಲಸದಲ್ಲಿದ್ದವನು ಅಲ್ಲಿ ಗೋದಾಮಿನಲ್ಲಿ ರಾತ್ರಿ ಪಾಳಿ ಮಾಡುತ್ತಾ, ಹೆಂಡತಿಯ ಸಂಬಳದ ಚೀಟಿಯ ಮೇಲೆ ತನ್ನ ವಾಸ ನಿಂತಿದೆ ಎಂಬ ಕೊರಗನ್ನು ಯಾರಿಗೂ ಹೇಳಿಕೊಳ್ಳಲಾರ. ಹೇಳಿದರೆ ನಗುವವರೇ ಹೆಚ್ಚು. ಅಂಥವರಿಗೆ ಒಂದು ಸಮಾಧಾನವಿದೆ. ಮೊದಲ ಅರ್ಜಿಯಲ್ಲಿ ಕರೆಸಿಕೊಳ್ಳುವವರ ಆದಾಯ ಮಾತ್ರ ಲೆಕ್ಕಕ್ಕೆ ಬಂದರೂ, ಅಲ್ಲಿದ್ದುಕೊಂಡು ಮಾಡುವ ವಿಸ್ತರಣೆಯಲ್ಲಿ ಇಬ್ಬರ ದುಡಿಮೆಯನ್ನೂ ಕೂಡಿಸಬಹುದು. ಗೋದಾಮಿನ ಆ ಪಾಳಿಯೂ ಮನೆಯನ್ನು ನಿಲ್ಲಿಸುವ ಕಂಬವೇ.

ಸಂಹಿತೆಯ 1102ನೆಯ ವಿಧಿ ಒಂದು ವಿಶೇಷ ಮಾತು ಹೇಳುತ್ತದೆ. ಮುಂದೆ ಹೀಗಾದರೆ ಮಾತ್ರ ಎಂಬ ಶರತ್ತಿನ ಮೇಲೆ ಮದುವೆ ಮಾಡಿಕೊಂಡರೆ ಅದು ಮದುವೆಯಾಗುವುದಿಲ್ಲ. ಮಗು ಹುಟ್ಟಿದರೆ ನೀನು ನನ್ನ ಹೆಂಡತಿ, ಕೆಲಸ ಸಿಕ್ಕಿದರೆ ನೀನು ನನ್ನ ಗಂಡ ಎನ್ನುವಂತಿಲ್ಲ. ಸರ್ಕಾರದ ಅನುಮತಿ ಶರತ್ತಿನದು, ನಮ್ಮ ಮಾತು ಶರತ್ತಿಲ್ಲದ್ದು. ಸಹಿಯನ್ನು ಬೆದರಿಕೆಯಾಗಿ ಬಳಸುವವರು ಸರ್ಕಾರದ ಆ ಶರತ್ತನ್ನು ತಂದು ಮಂಚದ ಮೇಲೆ ಇಡುತ್ತಾರೆ. ಪಾಪನಿವೇದನೆಗೆ ಹೋಗುವಾಗ ಕೋಪ, ಸುಳ್ಳು, ಪೂಜೆ ತಪ್ಪಿಸಿದ್ದು ಎಲ್ಲವನ್ನೂ ನೆನಪಿಸಿಕೊಳ್ಳುವ ನಾವು ಇದನ್ನು ಪಾಪದ ಪಟ್ಟಿಗೆ ಸೇರಿಸಿಕೊಂಡಿದ್ದೇವೆಯೇ?

ಇನ್ನು ಊರಿನಲ್ಲಿರುವ ತಾಯ್ತಂದೆಯರ ಮಾತು. ಮಗಳು ಅಲ್ಲಿಂದ ರಾತ್ರಿ ಫೋನು ಮಾಡಿ, "ಅಮ್ಮಾ, ಹೊಡೆಯುತ್ತಾನೆ" ಎಂದಳು ಎನ್ನಿ. "ಇನ್ನೆರಡು ವರ್ಷ ತಡೆದುಕೋ ಮಗಳೇ, ಪರ್ಮನೆಂಟ್ ಆಗಲಿ, ಆಮೇಲೆ ನೋಡೋಣ" ಎಂದು ಹೇಳುವ ತಾಯಿ ಕೆಟ್ಟವಳಲ್ಲ. ಮಾಡಿದ ಸಾಲ, ನೆರೆಹೊರೆಯ ಬಾಯಿ, ಇನ್ನೊಬ್ಬ ಮಗಳ ಮದುವೆ, ಎಲ್ಲ ಅವಳ ಕಣ್ಣೆದುರು ಬರುತ್ತವೆ. ಶಿಲುಬೆ ಹೊರಬೇಕು ಎಂಬ ಮಾತನ್ನೂ ನಾವು ಸುಲಭವಾಗಿ ಸೇರಿಸಿಬಿಡುತ್ತೇವೆ. ಆದರೆ ಇಲ್ಲಿ ಮಗಳು ಹೊರುತ್ತಿರುವುದು ಯೇಸುಸ್ವಾಮಿಯ ಶಿಲುಬೆಯನ್ನಲ್ಲ, ಒಂದು ಅರ್ಜಿಯ ಕಾಲಾವಧಿಯನ್ನು. ಸಂಗಾತಿಯಿಂದ ದೇಹಕ್ಕೋ ಆತ್ಮಕ್ಕೋ ಗಂಭೀರ ಅಪಾಯವಿದ್ದರೆ ಬೇರೆ ವಾಸಿಸಲು ನ್ಯಾಯವಾದ ಕಾರಣವಿದೆ ಎಂದು ಧರ್ಮಸಭೆಯೇ 1153ನೆಯ ವಿಧಿಯಲ್ಲಿ ಹೇಳಿದೆ. ತಡಮಾಡಿದರೆ ಅಪಾಯವಿದೆ ಎಂದಾಗ ಧರ್ಮಾಧ್ಯಕ್ಷರ ಅಪ್ಪಣೆಗೂ ಕಾಯಬೇಕಾಗಿಲ್ಲ.

ನಮ್ಮ ಮನೆಗಳಿಗೆ ತಿಳಿಯದಿರುವ ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ಬಿಟ್ಟು ಹೊರಬಂದರೆ ಮರುದಿನವೇ ವಿಮಾನ ಹತ್ತಿಸುತ್ತಾರೆ ಎಂಬ ಭಯ ಎಲ್ಲ ಕಡೆಯೂ ನಿಜವಲ್ಲ. ಬ್ರಿಟನ್ನಿನಲ್ಲಿ ಬ್ರಿಟಿಷ್ ಪ್ರಜೆಯ ಅಥವಾ ಕಾಯಂ ನೆಲೆಸಿದವರ ಸಂಗಾತಿಯಾಗಿ ಹೋದವರು ಮನೆಯೊಳಗಿನ ಹಿಂಸೆಯಿಂದ ಸಂಸಾರ ಮುರಿದುಬಿದ್ದರೆ ಸ್ವಂತವಾಗಿ ಕಾಯಂ ನೆಲೆಗೆ ಅರ್ಜಿ ಹಾಕಬಹುದು. ಇದು 2002ರಿಂದ ನಿಯಮಗಳಲ್ಲೇ ಸೇರಿದೆ. ಕೈಯಲ್ಲಿ ಹಣವಿಲ್ಲದವರಿಗೆ ಮೂರು ತಿಂಗಳ ಅನುಮತಿ ಕೊಟ್ಟು, ಸರ್ಕಾರಿ ನೆರವು ಪಡೆಯಲು ಬಿಡುವ ವ್ಯವಸ್ಥೆ 2012ರಲ್ಲಿ ಬಂತು. ಇವು ತಾವಾಗಿ ಬರಲಿಲ್ಲ. 1979ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಸೌತಾಲ್ ಬ್ಲ್ಯಾಕ್ ಸಿಸ್ಟರ್ಸ್‌ನಂಥ ಮಹಿಳಾ ಸಂಘಗಳು ವರ್ಷಗಟ್ಟಲೆ ಹೋರಾಡಿ ತಂದದ್ದು. ಅಮೆರಿಕದಲ್ಲಿ 1986ರ ಕಾನೂನು ಹೊಸ ದಂಪತಿಗೆ ಎರಡು ವರ್ಷದ ಶರತ್ತಿನ ನೆಲೆ ಕೊಟ್ಟು, ಆಮೇಲೆ ಇಬ್ಬರೂ ಸೇರಿ ಅರ್ಜಿ ಹಾಕಬೇಕೆಂದಿತು. 1994ರ ಕಾನೂನು ಹಿಂಸೆಗೆ ಒಳಗಾದವರು ಒಬ್ಬರೇ ಅರ್ಜಿ ಹಾಕುವ ದಾರಿ ತೆರೆಯಿತು. ಜರ್ಮನಿಯಲ್ಲಿ ಮೂರು ವರ್ಷ ಜೊತೆಗೆ ಬಾಳಿದ ಸಂಗಾತಿಗೆ ಸ್ವಂತ ಹಕ್ಕು ಹುಟ್ಟುತ್ತದೆ, ತೀರಾ ಕಷ್ಟದ ಸಂದರ್ಭದಲ್ಲಿ ಅದಕ್ಕೂ ಮೊದಲೇ. ತಾಯಿ ಮಗಳಿಗೆ ಹೇಳಬೇಕಾದದ್ದು ತಡೆದುಕೋ ಎಂದಲ್ಲ, ಅಲ್ಲಿಯ ವಕೀಲರನ್ನೋ ಇಂಥ ಸಂಘವನ್ನೋ ನಾಳೆಯೇ ಕೇಳು ಎಂದು.

ಇದಕ್ಕಿಂತ ಕಷ್ಟದ ಪ್ರಶ್ನೆಯೊಂದಿದೆ. ಹಿಂಸೆಯೇನೂ ಇಲ್ಲ. ಮನಸ್ಸು ಮುರಿದು ಗಂಡ ಬೇರೆ ಮನೆ ಮಾಡಿದ್ದಾನೆ. ಹೆಂಡತಿಯ ಅವಧಿ ಮುಗಿಯಲು ಎರಡು ತಿಂಗಳಿದೆ. "ಪಾಪ, ನನ್ನಿಂದ ಅವಳ ಬದುಕು ಹಾಳಾಗುವುದು ಬೇಡ, ಇನ್ನೂ ಜೊತೆಗಿದ್ದೇವೆ ಎಂದು ಬರೆದು ಸಹಿ ಹಾಕಿಬಿಡುತ್ತೇನೆ" ಎನ್ನುತ್ತಾನೆ. ಇದು ದಯೆಯೇ, ಸುಳ್ಳೇ? ಎರಡೂ ಹೌದು. ಅದಕ್ಕೇ ಉತ್ತರ ಸುಲಭವಲ್ಲ. ನನ್ನ ಅಭಿಪ್ರಾಯ ಕೇಳಿದರೆ ಆ ಸಹಿ ಹಾಕಬಾರದು. ಸುಳ್ಳು ಹೇಳಿದ್ದು ಕಚೇರಿಗೆ ತಾನೇ ಎಂಬ ಸಮಾಧಾನ ಸಾಲದು. ಆ ಸುಳ್ಳು ಗೊತ್ತಾದ ದಿನ ಶಿಕ್ಷೆ ಬೀಳುವುದು ಬಹುಪಾಲು ಅವಳ ಮೇಲೇ, ಮತ್ತು ಅಲ್ಲಿಯ ತನಕ ಆ ಗುಟ್ಟಿನ ಹಗ್ಗ ಅವನ ಕೈಯಲ್ಲೇ ಇರುತ್ತದೆ. ಅವನ ದಯೆ ನಿಜವಾದದ್ದಾದರೆ ಅದಕ್ಕೆ ಬೇರೆ ದಾರಿಗಳಿವೆ. ಮಕ್ಕಳಿದ್ದರೆ ತಂದೆಯಾಗಿಯೋ ತಾಯಿಯಾಗಿಯೋ ಅಲ್ಲಿ ಉಳಿಯಲು ಬ್ರಿಟನ್ನಿನ ನಿಯಮಗಳಲ್ಲಿ ಪ್ರತ್ಯೇಕ ದಾರಿಯಿದೆ. ಅವಳು ಸ್ವಂತ ಕೆಲಸದ ಮೇಲೆ ಅನುಮತಿ ಪಡೆಯಬಲ್ಲಳೇ ಎಂದು ವಿಚಾರಿಸಲು, ವಕೀಲರ ಶುಲ್ಕ ಕೊಡಲು ಅವನು ಮುಂದಾಗಬಹುದು. ದುಡ್ಡು ಖರ್ಚಾಗುವ ದಯೆ ಸಹಿಯಷ್ಟು ಹಗುರವಲ್ಲ, ಅಷ್ಟೇ.

ಇದನ್ನು ಇನ್ನೊಂದು ಪರಿಸ್ಥಿತಿಯೊಡನೆ ಬೆರೆಸಬೇಡಿ. ಕೆಲಸದ ನಿಮಿತ್ತ ಗಂಡ ಒಂದು ಊರಲ್ಲಿ, ಹೆಂಡತಿ ಒಂದು ಊರಲ್ಲಿ ಇರುವುದು, ತಾಯಿಯ ಕಾಯಿಲೆಗೆಂದು ಆರು ತಿಂಗಳು ಊರಿಗೆ ಬಂದಿರುವುದು, ಇವು ಬೇರೆಯಾದದ್ದಲ್ಲ. ಅಂಥವರು ಹೆದರಿಕೊಂಡು ಒಂದೇ ವಿಳಾಸ ಬರೆಯುವ ಬದಲು ಇದ್ದದ್ದನ್ನು ಇದ್ದ ಹಾಗೆ, ಕಾರಣ ಸಹಿತ ಬರೆಯಲಿ. ಧರ್ಮಕೇಂದ್ರದ ಗುರುಗಳಿಗೂ ಇದೇ ಮಾತು. ದಂಪತಿ ಬಂದು ಪತ್ರ ಕೇಳಿದಾಗ, ಇವರು ಭಾನುವಾರದ ಪೂಜೆಗೆ ಜೊತೆಯಾಗಿ ಬರುತ್ತಾರೆ, ಇಂಥ ವರ್ಷ ಇವರ ಮಗುವಿಗೆ ನಾನೇ ಜ್ಞಾನಸ್ನಾನ ಕೊಟ್ಟೆ, ಮನೆ ಆಶೀರ್ವಾದಕ್ಕೆ ಹೋಗಿದ್ದೆ ಎಂದು ಕಂಡದ್ದನ್ನು ಬರೆಯಬಹುದು. ಕಾಣದ್ದನ್ನು ಬರೆದುಕೊಟ್ಟರೆ ಧರ್ಮಸಭೆಯ ಮೊಹರಿಗೇ ಬೆಲೆಯಿಲ್ಲದಂತಾಗುತ್ತದೆ, ಮುಂದೆ ಬರುವ ನಿಜವಾದ ದಂಪತಿಯ ಪತ್ರವನ್ನೂ ಯಾರೂ ನಂಬರು.

ಆದಾಯದ ನಿಯಮದ ಬಗ್ಗೆಯೂ ಒಂದು ಮಾತು. 29,000 ಪೌಂಡು ದುಡಿಯದವನ ಮದುವೆ ಅಷ್ಟು ದುಡಿಯುವವನ ಮದುವೆಗಿಂತ ಕಡಿಮೆಯದ್ದೇ? ಇಷ್ಟು ಆದಾಯವಿಲ್ಲದವರು 88,500 ಪೌಂಡು ಉಳಿತಾಯ ತೋರಿಸಬಹುದಂತೆ. ಕೂಲಿ ಸಂಬಳದವನಿಗೆ ಇದನ್ನು ಪರ್ಯಾಯವೆಂದು ಹೇಳುವುದು ತಮಾಷೆಯೇ ಸರಿ. 2017ರ ಫೆಬ್ರವರಿಯಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಕನಿಷ್ಠ ಆದಾಯದ ನಿಯಮ ತತ್ತ್ವತಃ ಕಾನೂನುಬದ್ಧವೆಂದಿತು, ಆದರೆ ಮಕ್ಕಳ ಹಿತವನ್ನು ನಿಯಮಗಳು ಸರಿಯಾಗಿ ಗಮನಿಸಿಲ್ಲವೆಂದೂ ಹೇಳಿತು. ಕಾನೂನುಬದ್ಧವಾದದ್ದೆಲ್ಲ ನ್ಯಾಯವಾಗಬೇಕೆಂದೇನಿಲ್ಲ. ಪೋಪ್ ಹನ್ನೆರಡನೆಯ ಪಿಯುಸರು 1952ರಲ್ಲಿ ವಲಸೆಗಾರರ ಬಗ್ಗೆ ಬರೆದಾಗ ಈಜಿಪ್ಟಿಗೆ ಓಡಿಹೋದ ಪವಿತ್ರ ಕುಟುಂಬವನ್ನೇ ಎಲ್ಲ ವಲಸೆ ಕುಟುಂಬಗಳ ಮಾದರಿಯಾಗಿ ಮುಂದಿಟ್ಟರು. 1983ರಲ್ಲಿ ಪವಿತ್ರ ಪೀಠ ಹೊರಡಿಸಿದ ಕುಟುಂಬದ ಹಕ್ಕುಗಳ ಸನ್ನದು, ದುಡಿಯಲು ಹೋದವರಿಗೆ ತಮ್ಮ ಕುಟುಂಬವನ್ನು ಬೇಗನೆ ಕೂಡಿಕೊಳ್ಳುವ ಹಕ್ಕಿದೆ ಎಂದು ಸ್ಪಷ್ಟವಾಗಿ ಹೇಳಿದೆ. ಸಂತ ಜೋಸೆಫರ ಬಡಗಿ ಕೆಲಸದ ಆದಾಯ ಎಷ್ಟಿತ್ತೋ!

ಪರದೇಶವನ್ನು ದೂರುವಾಗ ನಮ್ಮ ಮನೆಯನ್ನೂ ನೋಡಬೇಕು. ಭಾರತೀಯನನ್ನು ಮದುವೆಯಾದ ವಿದೇಶಿ ಸೊಸೆಗೆ ಸಾಗರೋತ್ತರ ಭಾರತೀಯ ನಾಗರಿಕ ಕಾರ್ಡು ಸಿಗಬೇಕಾದರೆ ಮದುವೆ ನೋಂದಣಿಯಾಗಿ ಎರಡು ವರ್ಷ ಸತತವಾಗಿ ಉಳಿದಿರಬೇಕು. ವಿಚ್ಛೇದನವಾದರೆ ಆ ಕಾರ್ಡನ್ನು ರದ್ದು ಮಾಡಬಹುದು. ಅವಳೂ ಇಲ್ಲಿ ಇನ್ನೊಬ್ಬರ ಹೆಸರಿನ ಮೇಲೆ ನಿಂತವಳೇ. ಮೋಶೆ ಮಿದ್ಯಾನ್ ನಾಡಿನಲ್ಲಿ ಚಿಪ್ಪೋರಳನ್ನು ಮದುವೆಯಾಗಿ ಮಾವನ ಮನೆಯಲ್ಲಿದ್ದಾಗ ಹುಟ್ಟಿದ ಮಗನಿಗೆ, ತಾನು ಪರನಾಡಿನಲ್ಲಿ ಪರದೇಶಿ ಎಂಬ ಅರ್ಥ ಬರುವ ಗೇರ್ಷೋಮ್ ಎಂಬ ಹೆಸರಿಟ್ಟ. ಮಗುವನ್ನು ಕರೆದಾಗಲೆಲ್ಲ ಆ ಮಾತು ಮನೆಯಲ್ಲಿ ಕೇಳಿಸುತ್ತಿತ್ತು. ಹೆಂಡತಿಯ ಊರಿನಲ್ಲಿ ಬಾಳುವ ನಮ್ಮ ಗಂಡುಮಕ್ಕಳಿಗೆ ಈ ಕಥೆಯನ್ನು ಓದಲು ಹೇಳಿ.

ಕೊನೆಯದಾಗಿ, ಮಗನೋ ಮಗಳೋ ಸಂಗಾತಿಯ ವೀಸಾದ ಮೇಲೆ ಅಲ್ಲಿದ್ದರೆ ನೀವು ಮಾಡಬಹುದಾದ ಕೆಲವು ಕೆಲಸಗಳಿವೆ. ಅವಧಿ ಮುಗಿಯುವ ತಾರೀಖನ್ನು ನಿಮ್ಮ ಮನೆಯ ಕ್ಯಾಲೆಂಡರಿನಲ್ಲೂ ಬರೆದಿಡಿ. ಬ್ರಿಟನ್ನಿನಲ್ಲಿ ಆ ದಿನಕ್ಕೆ ಮುಂಚೆಯೇ ಅರ್ಜಿ ಸಲ್ಲಿಸಿದರೆ ತೀರ್ಮಾನ ಬರುವ ತನಕ ಹಳೆಯ ಅನುಮತಿಯೇ ಮುಂದುವರಿಯುತ್ತದೆ. ಒಂದು ದಿನ ತಪ್ಪಿದರೂ ತೊಡಕು ಶುರುವಾಗುತ್ತದೆ. ಮದುವೆಯ ದಾಖಲೆಯ ಮೂಲಪ್ರತಿ ಇಲ್ಲಿ ನಿಮ್ಮ ಹತ್ತಿರ ಇದ್ದರೆ ಅದನ್ನು ಕೇಳುವ ಮೊದಲೇ ತೆಗೆದಿಡಿ. ಮುಂಚೆ ಅಲ್ಲಿ ವಾಸದ ಅನುಮತಿಗೆ ಕೈಯಲ್ಲಿ ಹಿಡಿಯುವ ಕಾರ್ಡು ಕೊಡುತ್ತಿದ್ದರು. 2024ರ ಅಕ್ಟೋಬರ್ ಮುಗಿದ ಮೇಲೆ ಹೊಸ ಕಾರ್ಡು ಕೊಡುವುದನ್ನು ನಿಲ್ಲಿಸಿ, ಎಲ್ಲವನ್ನೂ ಕಂಪ್ಯೂಟರಿನ ಖಾತೆಯಲ್ಲಿ ಇಟ್ಟರು. ಆ ಖಾತೆ ತೆರೆಯಲು ಬೇಕಾದ ಗುಪ್ತಸಂಖ್ಯೆ ಒಂದು ಮೊಬೈಲಿಗೋ ಇ-ಮೇಲಿಗೋ ಬರುತ್ತದೆ. ಮುಂದಿನ ಭಾನುವಾರ ಫೋನು ಬಂದಾಗ, ಊಟ ಆಯಿತಾ, ಚಳಿ ಹೇಗಿದೆ ಎಂದು ವಿಚಾರಿಸಿದ ಮೇಲೆ ಇದನ್ನೂ ಕೇಳಿ: "ಮಗಳೇ, ಆ ಖಾತೆಗೆ ಯಾರ ನಂಬರು ಕೊಟ್ಟಿದ್ದೀ, ನಿನ್ನದೋ ಅವನದೋ?"